ಸಿಟಿ, ವರ್ನಾ, ವರ್ಟಸ್, ಸ್ಲಾವಿಯಾ: ಹುಬ್ಬಳ್ಳಿ-ಧಾರವಾಡದ ಕಡೆಯವರು ಸೆಡಾನ್ ಆರಿಸುವುದು ಹೇಗೆ

ಮಿಡ್‌ಸೈಜ್ ಸೆಡಾನ್, ಅಂದರೆ ಹಿಂದೆ ಬೇರೆಯೇ ಡಿಕ್ಕಿ ಇರುವ ನಡುಗಾತ್ರದ ಕಾರು ಕೊಳ್ಳುವವರು ಕಾರು ಆರಿಸುವುದಿಲ್ಲ, ಬೇಡದ್ದನ್ನು ಬಿಡುತ್ತಾ ಹೋಗುತ್ತಾರೆ. ಹುಬ್ಬಳ್ಳಿಯಲ್ಲಿ ಯಾರನ್ನಾದರೂ ಕೇಳಿ ನೋಡಿ. "ಸಿಟಿ ಛಲೋ ಐತ್ರಿ, ಆದ್ರ ಕೆಳಗ ಬಡೀತೈತಿ." "ವರ್ನಾದ ಮಾರಿ ನನಗ ಸೇರಂಗಿಲ್ಲ." "ವರ್ಟಸ್ ಓಡಿಸಾಕ ಮಸ್ತ್, ಆದ್ರ ಸರ್ವಿಸಿಗೆ ಕಿಸೆ ಖಾಲಿ ಆಕ್ಕೈತಿ." ಹೀಗೆ ಒಂದೊಂದನ್ನೇ ಬಿಟ್ಟು ಕೊನೆಗೆ ಉಳಿದದ್ದನ್ನು ಬುಕ್ ಮಾಡುತ್ತಾರೆ. ಆಮೇಲೆ ಮೊದಲಿಂದಲೂ ಇದೇ ಬೇಕಿತ್ತು ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಾರೆ.

ಇದರಲ್ಲಿ ತಪ್ಪೇನೂ ಇಲ್ಲ. ನಾಲ್ಕು ಕಾರುಗಳು ಇಷ್ಟು ಹತ್ತಿರ ಹತ್ತಿರ ಇರುವಾಗ ಬೇರೆ ದಾರಿಯೂ ಇಲ್ಲ. ತೊಂದರೆ ಇರುವುದು ಬಿಡುವ ಕಾರಣದಲ್ಲಿ. ಅದು ಹೆಚ್ಚಾಗಿ ಕಾಕಾನ ಮಾತು, ಆಫೀಸಿನವರ ಮಾತು, ಇಲ್ಲಾ ಯಾವುದೋ ವಿಡಿಯೋದ ಮಾತು. ನಿಮ್ಮ ಮನೆಯವರು ಕೂತು, ನಿಮ್ಮ ರಸ್ತೆ ಮೇಲೆ ಓಡಿಸಿ ಕಂಡುಕೊಂಡದ್ದಲ್ಲ. ಹಾಗಾಗಿ ಈ ಗೈಡ್‌ನಲ್ಲಿ ಯಾವುದು ನಂಬರ್ ಒನ್ ಅಂತ ಹೇಳಲು ಹೋಗುವುದಿಲ್ಲ. ಯಾವುದನ್ನು ಯಾಕೆ ಬಿಡಬೇಕು ಅನ್ನುವುದನ್ನು ನೀವೇ ಪರೀಕ್ಷೆ ಮಾಡುವುದು ಹೇಗೆ ಅಂತ ಹೇಳುತ್ತೇನೆ.

ಕಣದಲ್ಲಿ ಯಾರಿದ್ದಾರೆ

ಹೋಂಡಾ ಸಿಟಿ 1998ರಿಂದ ನಮ್ಮ ದೇಶದಲ್ಲಿದೆ. ಈ ಐದನೇ ತಲೆಮಾರಿನ ಸಿಟಿ ಬಂದದ್ದು 2020ರಲ್ಲಿ. ಹೊಸ ರೂಪದ ಹ್ಯುಂಡೈ ವರ್ನಾ 2023ರ ಮಾರ್ಚ್‌ನಲ್ಲಿ ಬಂತು. ಸ್ಕೋಡಾ ಸ್ಲಾವಿಯಾ ಮತ್ತು ಫೋಕ್ಸ್‌ವ್ಯಾಗನ್ ವರ್ಟಸ್ ಎರಡೂ 2022ರವು. ಪುಣೆ ಹತ್ತಿರದ ಚಾಕಣದಲ್ಲಿ ತಯಾರಾಗುವ ಇವು ಒಂದೇ ತಾಯಿಯ ಮಕ್ಕಳು, ಎಂಜಿನ್ ಗೇರ್‌ಬಾಕ್ಸ್ ಎಲ್ಲಾ ಅವೇ. ಟೊಯೊಟಾ ಯಾರಿಸ್ 2021ರಲ್ಲೇ ನಿಂತಿತು. ಮಾರುತಿ ಸಿಯಾಜ್ 2014ರಿಂದ ಓಡಿ 2025ರಲ್ಲಿ ಬಂದ್ ಆಯಿತು. ಸೆಕೆಂಡ್ ಹ್ಯಾಂಡ್‌ನಲ್ಲಿ ಮಾತ್ರ ಸಿಯಾಜ್‌ಗೆ ಇನ್ನೂ ಜೀವ ಇದೆ. ಅದರ 1.5 ಪೆಟ್ರೋಲ್ ಎಂಜಿನ್ ಎರ್ಟಿಗಾದಲ್ಲೂ ಬಂದಿದ್ದರಿಂದ ಎಂಜಿನ್ ಸಾಮಾನಿಗೆ ಪರದಾಡಬೇಕಿಲ್ಲ.

ಡಿಸೈರ್, ಅಮೇಝ್ ಈ ಲೆಕ್ಕಕ್ಕೆ ಬರುವುದಿಲ್ಲ. ಅವು 4 ಮೀಟರ್ ಒಳಗಿನವು. ಹಾಗಾಗಿ 2025ರ ಸೆಪ್ಟೆಂಬರ್ 22ರಿಂದ ಅವಕ್ಕೆ ಜಿಎಸ್‌ಟಿ ಶೇ. 18. ನಮ್ಮ ಈ ನಾಲ್ಕೂ ನಾಲ್ಕೂವರೆ ಮೀಟರ್ ದಾಟುತ್ತವೆ, ಅವಕ್ಕೆ ಶೇ. 40. ಮೊದಲು ಸೆಸ್ ಎಲ್ಲಾ ಸೇರಿ ಶೇ. 45 ಇತ್ತು, ಅಷ್ಟರಮಟ್ಟಿಗೆ ಇಳಿದಿದೆ.

"ಈಗ ಯಾರ್ರೀ ಸೆಡಾನ್ ತಗೋತಾರ, ಎಲ್ಲಾರೂ ಕ್ರೆಟಾ ತಗೋಳಾಕತ್ತಾರ" ಅಂತ ಒಬ್ಬರಾದರೂ ಹೇಳುತ್ತಾರೆ. ಒಪ್ಪೋಣ. ಆದರೆ ಒಂದು ವಿಷಯ ತಿಳಿದಿರಲಿ. ಕ್ರೆಟಾದ ಪೆಟ್ರೋಲ್ ಎಂಜಿನ್‌ಗಳೇ ವರ್ನಾದಲ್ಲೂ ಇವೆ. ಹೋಂಡಾದ ಎಸ್‌ಯುವಿ ಎಲಿವೇಟ್‌ದು ಸಿಟಿಯ ಎಂಜಿನ್. ಫೋಕ್ಸ್‌ವ್ಯಾಗನ್ ಟೈಗುನ್, ಸ್ಕೋಡಾ ಕುಶಾಕ್‌ದು ವರ್ಟಸ್, ಸ್ಲಾವಿಯಾದ ಎಂಜಿನ್. ಎಂಜಿನ್ ಅದೇ, ಮೈ ಮಾತ್ರ ಎತ್ತರ. ಡಿಕ್ಕಿ ಲೆಕ್ಕ ನೋಡಿ: ಸಿಟಿ 506 ಲೀಟರ್, ವರ್ಟಸ್ 521, ವರ್ನಾ 528. ಕ್ರೆಟಾದ್ದು 433, ಟೈಗುನ್‌ದು 385. ಹೈವೇಯಲ್ಲಿ ತಿರುವಿನಲ್ಲಿ ಮೈ ವಾಲುವುದೂ ಸೆಡಾನ್‌ನಲ್ಲಿ ಕಡಿಮೆ. ಎತ್ತರ ಒಂದೇ ಮುಖ್ಯ ಅನ್ನುವವರು ಇಲ್ಲಿಗೇ ನಿಲ್ಲಿಸಿ ಎಸ್‌ಯುವಿ ನೋಡಬಹುದು, ಬೇಜಾರಿಲ್ಲ.

ಮೊದಲು ಹಿಂದಿನ ಸೀಟು

ಶೋರೂಮಿಗೆ ಒಬ್ಬರೇ ಹೋಗಬೇಡಿ. ಗೆಳೆಯರ ಜೊತೆಯೂ ಹೋಗಬೇಡಿ, ಅವರು ಮುಂದೆ ಕೂತು ಸ್ಕ್ರೀನ್ ಒತ್ತುತ್ತಾ ಕೂರುತ್ತಾರೆ. ಅವ್ವನನ್ನೋ ಅಜ್ಜಿಯನ್ನೋ ಕರೆದುಕೊಂಡು ಹೋಗಿ. ಸೀರೆ ಉಟ್ಟವರು, ಮೊಣಕಾಲು ನೋವಿದ್ದವರು ಆದರೆ ಇನ್ನೂ ಒಳ್ಳೆಯದು. ಹಿಂದಿನ ಬಾಗಿಲು ತೆಗೆದು, "ಕುಂದರ್ರಿ" ಅಂತ ಹೇಳಿ ನೀವು ಪಕ್ಕಕ್ಕೆ ನಿಲ್ಲಿ. ಕೈ ಹಿಡಿಯಬೇಡಿ, ಸುಮ್ನೆ ನೋಡಿ.

ಅವರು ಮೊದಲು ಯಾವ ಕಾಲು ಒಳಗೆ ಇಡುತ್ತಾರೆ, ಕೈ ಎಲ್ಲಿಗೆ ಹೋಗುತ್ತದೆ, ತಲೆ ಎಷ್ಟು ಬಗ್ಗುತ್ತದೆ ನೋಡಿ. ವರ್ನಾದ ಮಾಡು ಹಿಂದಕ್ಕೆ ಇಳಿಜಾರು. ನೋಡಲು ಚೆಂದ, ಆದರೆ ಎತ್ತರದವರು ತಲೆ ತಗ್ಗಿಸಿಯೇ ಒಳಗೆ ಹೋಗಬೇಕು, ಕೂತ ಮೇಲೂ ಕೂದಲು ಮೇಲೆ ತಾಗುವುದುಂಟು. ವರ್ಟಸ್, ಸ್ಲಾವಿಯಾದ ಹಿಂದಿನ ಸೀಟು ಇಬ್ಬರಿಗೆ ಅಂತಲೇ ಮಾಡಿಸಿದ ಹಾಗಿದೆ. ಇಬ್ಬರು ಕೂತರೆ ರಾಜರ ಹಾಗೆ, ಮೂರನೆಯವರು ನಡುವಿನ ಉಬ್ಬಿನ ಎರಡೂ ಬದಿಗೆ ಕಾಲು ಚಾಚಿ ಬೆಂಗಳೂರು ಮುಟ್ಟಬೇಕು. ಸಿಟಿ ಹೆಚ್ಚು ಮಾರಾಟ ಆಗುವುದೇ ಈ ಜಾಗದಲ್ಲಿ. ಕಾಲಿಗೆ ಜಾಗ ಜಾಸ್ತಿ, ನಡುವಿನವರಿಗೂ ತಕ್ಕಮಟ್ಟಿಗೆ ಆರಾಮ. ಅಪ್ಪ ಡ್ರೈವರ್ ಇಟ್ಟುಕೊಂಡು ಹಿಂದೆ ಕೂತು ಹೋಗುವ ಮನೆಯಲ್ಲಿ ಸಿಟಿಯೇ ಯಾಕೆ ಇರುತ್ತದೆ ಅನ್ನುವುದು ಒಮ್ಮೆ ಕೂತರೆ ಗೊತ್ತಾಗುತ್ತದೆ.

ಕೂತಾಯಿತಲ್ಲ, ಈಗ ಇಳಿಯಲು ಹೇಳಿ. ನಿಜವಾದ ಪರೀಕ್ಷೆ ಇದು. ಸೆಡಾನ್ ಒಳಗೆ ಹೋಗುವುದು ಸುಲಭ, ಕೆಳಗೆ ಕೂರುತ್ತೀರಿ ಅಷ್ಟೇ. ಏಳುವಾಗ ಪೂರ್ತಿ ಭಾರ ಮೊಣಕಾಲಿನ ಮೇಲೆ. ಅಜ್ಜಿ ಮುಂದಿನ ಸೀಟಿನ ಬೆನ್ನು ಹಿಡಿದು, ಎರಡು ಸಲ ಜೀಕಿ, ಮೂರನೇ ಸಲಕ್ಕೆ ಎದ್ದರೆ ಆ ಕಾರು ನಿಮ್ಮ ಮನೆಗಲ್ಲ. ದಿನಾ ಡಾಕ್ಟರ ಹತ್ತಿರ, ಮಠಕ್ಕೆ, ಮದುವೆಗೆ ಹೋಗಿ ಬರುವವರು ಅವರೇ ಅಲ್ವಾ. ನಾಲ್ಕೂ ಶೋರೂಮಿನಲ್ಲಿ ಇದನ್ನೇ ಮಾಡಿ, ಒಂದೇ ದಿನ ಮಾಡಿದರೆ ಒಳ್ಳೆಯದು. ಸೇಲ್ಸ್ ಹುಡುಗ ಎಂಜಿನ್ ಬಗ್ಗೆ ಹೇಳುತ್ತಾ ಇರುತ್ತಾನೆ, ಹೇಳಲಿ ಬಿಡಿ.

ಡಿಕ್ಕಿಯನ್ನೂ ಆಗಲೇ ತೆಗೆಸಿ. ಸೆಡಾನ್ ಡಿಕ್ಕಿ ಆಳ ಇರುತ್ತದೆ, ಬಾಯಿ ಸಣ್ಣದು. ಎರಡು ಜೋಳದ ಚೀಲ ಮಲಗಿಸಿದರೆ ಕೂರುತ್ತವೆ, ದೊಡ್ಡ ಟಿವಿ ಡಬ್ಬಿ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ವರ್ಟಸ್, ಸ್ಲಾವಿಯಾದಲ್ಲಿ ಹಿಂದಿನ ಸೀಟು ಮಡಚಿ ಉದ್ದದ ಸಾಮಾನು ತೂರಿಸಬಹುದು, ನೀವು ನೋಡುವ ವೇರಿಯಂಟ್‌ನಲ್ಲಿ ಆ ಸೌಲಭ್ಯ ಇದೆಯಾ ಅಂತ ಕೈಯಿಂದಲೇ ಎಳೆದು ನೋಡಿ. ಪೆಟ್ರೋಲ್ ಎಂಜಿನ್ ಜೊತೆ ಕರೆಂಟ್ ಮೋಟಾರೂ ಇರುವ ಸಿಟಿ ಹೈಬ್ರಿಡ್ ಆದರೆ ಹುಷಾರು. ಬ್ಯಾಟರಿ ಹಿಂದೆ ಇರುವುದರಿಂದ ಅದರ ಡಿಕ್ಕಿ 306 ಲೀಟರ್ ಮಾತ್ರ. ಮದುವೆ ಸಾಮಾನು ಹೇರಲು ಅದು ಸಾಲುವುದಿಲ್ಲ.

ಕೆಳಗೆ ಬಡೀತೈತಿ ಅನ್ನೋ ಮಾತು

ಈ ಮಾತು ಅರ್ಧ ನಿಜ. ಗ್ರೌಂಡ್ ಕ್ಲಿಯರೆನ್ಸ್, ಅಂದರೆ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರ, ಸಿಟಿಗೆ 165 ಮಿಲಿಮೀಟರ್, ವರ್ಟಸ್, ಸ್ಲಾವಿಯಾಗೆ 179. ಆದರೆ ಇವು ಖಾಲಿ ಕಾರಿನ ಅಳತೆ. ಐದು ಜನ, ಮೇಲೆ ಡಿಕ್ಕಿ ತುಂಬ ಸಾಮಾನು ಆದರೆ ಎಲ್ಲವೂ ಕುಸಿಯುತ್ತವೆ. ಅಲ್ಲದೆ ಹಂಪ್ಸ್ ಮೇಲೆ ಬಡಿಯುವುದು ಸಾಮಾನ್ಯವಾಗಿ ಮುಂದಲ್ಲ, ಹೊಟ್ಟೆ ಮಧ್ಯ. ಮುಂದಿನ ಚಕ್ರ ಇಳಿದು ಹಿಂದಿನದು ಇನ್ನೂ ಹತ್ತದೆ ಇದ್ದಾಗ. ಎರಡು ಚಕ್ರದ ನಡುವಿನ ದೂರ ಜಾಸ್ತಿ ಆದಷ್ಟೂ ಇದು ಜಾಸ್ತಿ. ಸಿಟಿಗೆ ಅದು 2600 ಮಿಲಿಮೀಟರ್, ವರ್ಟಸ್‌ಗೆ 2651, ವರ್ನಾಗೆ 2670. ಅಂದರೆ ಕೆಳಗಿದ್ದರೂ ಸಿಟಿ ಗಿಡ್ಡ, ಮೇಲಿದ್ದರೂ ವರ್ಟಸ್ ಉದ್ದ. ಬ್ರೋಷರ್‌ನ ಒಂದು ಸಂಖ್ಯೆ ನೋಡಿ ತೀರ್ಮಾನ ಮಾಡಬೇಡಿ ಅನ್ನುವುದು ಅದಕ್ಕೇ.

ನಮ್ಮ ಕಡೆಯ ರಸ್ತೆಗೆ ಇನ್ನೊಂದು ಸಮಸ್ಯೆ ಇದೆ. ನವಲಗುಂದ, ನರಗುಂದ, ಅಣ್ಣಿಗೇರಿ, ಗದಗ ಎಲ್ಲಾ ಎರೆ ನೆಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲಿನ ಡಾಂಬರೂ ಅದರ ಜೊತೆಗೇ ಏಳುತ್ತದೆ, ಬೀಳುತ್ತದೆ. ರಸ್ತೆಯಲ್ಲಿ ಗುಂಡಿ ಇಲ್ಲದಿದ್ದರೂ ಅಲೆ ಇರುತ್ತದೆ. ಎಂಬತ್ತರಲ್ಲಿ ಹೋಗುವಾಗ ಆ ಅಲೆ ಮೇಲೆ ಕಾರು ಒಮ್ಮೆ ಎದ್ದು ಕೂತು ಸುಮ್ಮನಾಗಬೇಕು, ಎರಡು ಮೂರು ಸಲ ತೂಗಾಡಬಾರದು. ವರ್ಟಸ್, ಸ್ಲಾವಿಯಾ ಇದರಲ್ಲಿ ನನ್ನ ಮಟ್ಟಿಗೆ ಎಲ್ಲರಿಗಿಂತ ಮುಂದೆ. ಊರೊಳಗೆ ನಿಧಾನ ಹೋಗುವಾಗ ಸ್ವಲ್ಪ ಗಟ್ಟಿ ಅನಿಸುತ್ತವೆ, ವೇಗ ಏರಿದ ಹಾಗೆ ನೆಲ ಕಚ್ಚಿ ಹಿಡಿಯುತ್ತವೆ. ಸಿಟಿ ಊರೊಳಗೆ ಮೆತ್ತಗೆ. ವರ್ನಾ ಎರಡರ ನಡುವೆ.

ಪರೀಕ್ಷೆ ಮಾಡುವುದು ಹೀಗೆ. ಗೋಕುಲ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿ "ಹೆಂಗೈತ್ರಿ ಸರ್" ಅಂತ ಕೇಳುವ ಟೆಸ್ಟ್ ಡ್ರೈವ್‌ಗೆ ಒಪ್ಪಬೇಡಿ. ಕಾರನ್ನು ಮನೆಗೆ ತರಿಸಿ. ನಾಲ್ಕು ಜನ ಹತ್ತಿ, ನಿಮ್ಮ ಓಣಿಯ ಅತಿ ಕೆಟ್ಟ ಹಂಪ್ಸ್ ದಾಟಿಸಿ. ನೇರವಾಗಿ ಒಮ್ಮೆ, ಓರೆಯಾಗಿ ಒಮ್ಮೆ. ನಿಮ್ಮ ಮನೆ ಗೇಟಿನ ಇಳಿಜಾರು ಹತ್ತಿಸಿ, ಮುಂದಿನ ಬಂಪರ್ ತುಟಿ ಕೆರೆಯುತ್ತದಾ ನೋಡಿ. ದಿನಾ ಎರಡು ಸಲ ಕೆರೆಯುವ ಕಾರನ್ನು ಯಾರೂ ಪ್ರೀತಿಸಲಾರರು. ಆಮೇಲೆ ಧಾರವಾಡ-ಹುಬ್ಬಳ್ಳಿ ಹಳೇ ರಸ್ತೆ, ಚಿಗರಿ ಬಸ್ಸಿನ ಪಕ್ಕದ ಲೇನಿನಲ್ಲಿ ಒಮ್ಮೆ, ಬೈಪಾಸಿನಲ್ಲಿ ಒಮ್ಮೆ. ಒಂದರಲ್ಲಿ ಸಿಗ್ನಲ್, ಬ್ರೇಕ್, ಗೇರು. ಇನ್ನೊಂದರಲ್ಲಿ ಲಾರಿ, ಓವರ್‌ಟೇಕು. ಎರಡೂ ಸೇರಿ ಅರ್ಧ ದಿನದ ಕೆಲಸ. ಹದಿನೈದು ಲಕ್ಷದ ವಿಷಯ, ಅರ್ಧ ದಿನ ಕೊಡಿ.

ಹೊಲಕ್ಕೆ ಹೋಗುವ ದಾರಿಗೆ ಮಾತ್ರ ಈ ನಾಲ್ಕರಲ್ಲಿ ಯಾವುದನ್ನೂ ತರಬೇಡಿ. ಮಳೆಗಾಲದ ಎರೆ ಮಣ್ಣಿಗೆ ಟ್ರ್ಯಾಕ್ಟರೇ ಸೈ.

ಎಂಜಿನ್ ಮತ್ತು ಗೇರು

ಇಲ್ಲಿ ಸಿಟಿ, ವರ್ನಾ, ಮತ್ತು ವರ್ಟಸ್-ಸ್ಲಾವಿಯಾ ಜೋಡಿ ನಿಜವಾಗಿ ಬೇರೆ ಬೇರೆ. ಸಿಟಿಯ 1.5 ಪೆಟ್ರೋಲ್‌ಗೆ ಟರ್ಬೋ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬಿ ಕಸುವು ಏರಿಸುವ ಸಾಧನ) ಇಲ್ಲ, ಶಕ್ತಿ 121 ಪಿಎಸ್, ಎಳೆತ ಅಂದರೆ ಟಾರ್ಕ್ 145 ಎನ್‌ಎಂ. ನಯವಾಗಿ ತಿರುಗುತ್ತದೆ, ಸದ್ದಿಲ್ಲ, ಊರೊಳಗೆ ಎರಡನೇ ಗೇರಿನಲ್ಲೇ ಸುಮಾರು ಎಲ್ಲಾ ಕೆಲಸ ಮುಗಿಯುತ್ತದೆ. ಆದರೆ ಇದರ ಕಸುವು ಆರ್‌ಪಿಎಂ ಮೇಲೇರಿದ ಮೇಲೆ ಬರುವಂಥದ್ದು. ಐದು ಜನ ಕೂತು ಯಲ್ಲಾಪುರ ದಾಟಿ ಅರಬೈಲ್ ಘಾಟಿಗೆ ಹೋದರೆ, ವಾಪಸ್ ಹತ್ತುವಾಗ ಗೇರು ಇಳಿಸಿ ಎಂಜಿನ್ ಕೂಗಿಸಲೇಬೇಕು. ವರ್ನಾದ ಸಾದಾ 1.5 ಕೂಡ ಹೀಗೇ, 115 ಪಿಎಸ್.

ವರ್ನಾದ 1.5 ಟರ್ಬೋ ಬೇರೆಯೇ ಪ್ರಾಣಿ. 160 ಪಿಎಸ್, 253 ಎನ್‌ಎಂ, ನಾಲ್ಕರಲ್ಲೂ ಜೋರು ಇದೇ. ವರ್ಟಸ್, ಸ್ಲಾವಿಯಾದ 1.5 ಟಿಎಸ್‌ಐ (ಇದೂ ಟರ್ಬೋ ಪೆಟ್ರೋಲೇ) 150 ಪಿಎಸ್, 250 ಎನ್‌ಎಂ. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಅದು ನಾಲ್ಕು ಸಿಲಿಂಡರ್‌ನಲ್ಲಿ ಎರಡನ್ನು ಸುಮ್ಮನಿರಿಸಿ ಪೆಟ್ರೋಲ್ ಉಳಿಸುತ್ತದೆ. ಇವರದ್ದೇ 1.0 ಟಿಎಸ್‌ಐ ಮೂರು ಸಿಲಿಂಡರಿನದು, 115 ಪಿಎಸ್, 178 ಎನ್‌ಎಂ. ಕಾಗದದ ಮೇಲೆ 1.0 ಅಂತ ನೋಡಿ ಜನ ಮೂಗು ಮುರಿಯುತ್ತಾರೆ, ಓಡಿಸಿದ ಮೇಲೆ ಸುಮ್ಮನಾಗುತ್ತಾರೆ. ಒಂದೇ ತೊಂದರೆ, ತೀರಾ ಕೆಳಗಿನ ಆರ್‌ಪಿಎಂನಲ್ಲಿ ಅದಕ್ಕೆ ನಿದ್ದೆ. ಹಂಪ್ಸ್ ದಾಟಿ ಎರಡನೇ ಗೇರಿನಲ್ಲಿ ಎತ್ತಲು ಹೋದರೆ ತಡವರಿಸುತ್ತದೆ, ಒಂದನೇ ಗೇರಿಗೆ ಬರಬೇಕು. ದಿನಾ ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ತಿರುಗಾಡುವವರಿಗೆ ಇದು ಕಿರಿಕಿರಿ, ವಾರಕ್ಕೊಮ್ಮೆ ಬೆಳಗಾವಿಗೆ ಹೋಗುವವರಿಗೆ ಗೊತ್ತೂ ಆಗುವುದಿಲ್ಲ.

ಆಟೋಮ್ಯಾಟಿಕ್ ಬೇಕು ಅಂದರೆ ಯಾವ ಆಟೋಮ್ಯಾಟಿಕ್ ಅಂತ ಕೇಳಿ. ಸಿಟಿಯದ್ದು ಸಿವಿಟಿ. ಬೆಲ್ಟ್ ಮತ್ತು ಪುಲ್ಲಿ, ಗೇರು ಬೀಳುವ ಜೆರ್ಕ್ ಇಲ್ಲ. ಚೆನ್ನಮ್ಮ ಸರ್ಕಲ್ ಸುತ್ತಿನ ಟ್ರಾಫಿಕ್‌ಗೆ ಇದಕ್ಕಿಂತ ಆರಾಮ ಬೇರೆ ಇಲ್ಲ. ಆದರೆ ಓವರ್‌ಟೇಕ್‌ಗೆ ಜೋರಾಗಿ ಒತ್ತಿದರೆ ಮೊದಲು ಸದ್ದು ಬರುತ್ತದೆ, ವೇಗ ಆಮೇಲೆ. ವರ್ನಾದ ಸಾದಾ ಎಂಜಿನ್‌ನ ಐವಿಟಿಯೂ ಇದೇ ಜಾತಿ. ವರ್ನಾ ಟರ್ಬೋ ಮತ್ತು 1.5 ಟಿಎಸ್‌ಐನಲ್ಲಿ ಡಬಲ್ ಕ್ಲಚ್. ಹೈವೇಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಗೇರು ಬದಲಾಗುತ್ತದೆ. ಆದರೆ ಅದರಲ್ಲಿ ಇರುವುದು ನಿಜವಾದ ಕ್ಲಚ್, ಇಂಚಿಂಚು ತೆವಳುವ ಟ್ರಾಫಿಕ್‌ನಲ್ಲಿ ಅದು ಉಜ್ಜಿ ಉಜ್ಜಿ ಬಿಸಿಯಾಗುತ್ತದೆ. ತೆವಳಿಸಬೇಡಿ, ಮುಂದೆ ಜಾಗ ಬಿಟ್ಟು, ಪೂರ್ತಿ ನಿಂತು, ಆಮೇಲೆ ಹೊರಡಿ. 1.0 ಟಿಎಸ್‌ಐನಲ್ಲಿ ಟಾರ್ಕ್ ಕನ್ವರ್ಟರ್, ಅಂದರೆ ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಹಳೇ ನಂಬಿಕಸ್ಥ ಪದ್ಧತಿ. ಹತ್ತು ವರ್ಷ ಇಟ್ಟುಕೊಳ್ಳುವ ಯೋಚನೆ ಇದ್ದರೆ, ಆಟೋಮ್ಯಾಟಿಕ್ಕೇ ಬೇಕಾದರೆ, ನಾನು ಡಬಲ್ ಕ್ಲಚ್ ಬಿಟ್ಟು ಸಿವಿಟಿಯನ್ನೋ ಟಾರ್ಕ್ ಕನ್ವರ್ಟರನ್ನೋ ಆರಿಸುತ್ತೇನೆ.

ಡೀಸೆಲ್ ಹುಡುಕಬೇಡಿ, ಹೊಸದರಲ್ಲಿ ಇಲ್ಲ. 2023ರ ಏಪ್ರಿಲ್‌ನ ಹೊಸ ಹೊಗೆ ನಿಯಮದ ಹೊತ್ತಿಗೆ ಸಿಟಿ ಡೀಸೆಲ್, ವರ್ನಾ ಡೀಸೆಲ್ ಎರಡೂ ನಿಂತವು. 2020ರಿಂದ 2023ರೊಳಗಿನ ವರ್ನಾ ಡೀಸೆಲ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ, ಹಾವೇರಿಯಿಂದ ಬೆಂಗಳೂರಿಗೆ ಪದೇ ಪದೇ ಓಡಾಡುವವರಿಗೆ ಅದು ಒಳ್ಳೆಯ ಗಾಡಿ. ಬರೀ ಊರೊಳಗೆ ಮಕ್ಕಳನ್ನು ಶಾಲೆಗೆ ಬಿಡಲು ಬೇಡ. ಸಣ್ಣ ಸಣ್ಣ ಓಟಕ್ಕೆ ಎಂಜಿನ್ ಬಿಸಿಯೇ ಆಗುವುದಿಲ್ಲ, ಹೊಗೆ ಕೊಳವೆಯ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಮೈಲೇಜ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಂಪನಿ ಲೆಕ್ಕದಲ್ಲಿ ಸಿಟಿ ಸಿವಿಟಿ 18.4, ವರ್ನಾ ಟರ್ಬೋ ಡಬಲ್ ಕ್ಲಚ್ 20.6. ರಸ್ತೆಯಲ್ಲಿ ಇಷ್ಟು ಬರುವುದಿಲ್ಲ, ಟರ್ಬೋ ಆದರೆ ನಿಮ್ಮ ಬಲಗಾಲು ಹೇಳಿದಷ್ಟು. ಸಿಟಿ ಹೈಬ್ರಿಡ್ 2022ರಲ್ಲಿ ಬಂದಾಗ 26.5 ಅಂತ ಹೇಳಿದರು, ಊರೊಳಗೆ ಅದು ಹೆಚ್ಚಾಗಿ ಮೋಟಾರಿನ ಮೇಲೆಯೇ ಓಡುವುದರಿಂದ ಉಳಿತಾಯ ನಿಜ. ಆದರೆ ಲೆಕ್ಕ ಹಾಕಿ. ತಿಂಗಳಿಗೆ 1,000 ಕಿಲೋಮೀಟರ್ ಓಡಿಸುತ್ತೀರಿ, ಸಾದಾ ಕಾರು 14 ಕೊಡುತ್ತದೆ, ಹೈಬ್ರಿಡ್ 21 ಕೊಡುತ್ತದೆ, ಪೆಟ್ರೋಲ್ 103 ರೂಪಾಯಿ ಅಂತ ಹಿಡಿಯಿರಿ. ಉಳಿಯುವುದು ತಿಂಗಳಿಗೆ ಸುಮಾರು 2,450 ರೂಪಾಯಿ, ವರ್ಷಕ್ಕೆ 29,000 ಚಿಲ್ಲರೆ. ಹೈಬ್ರಿಡ್‌ಗೆ 3 ಲಕ್ಷ ಜಾಸ್ತಿ ಕೊಟ್ಟರೆ ವಾಪಸ್ ಬರಲು ಹತ್ತು ವರ್ಷ. ಆ ಜಾಸ್ತಿ ದುಡ್ಡಿಗೂ ರೋಡ್ ಟ್ಯಾಕ್ಸ್ ಕಟ್ಟಿರುತ್ತೀರಿ. ಸದ್ದಿಲ್ಲದ ಓಟ ಇಷ್ಟ ಅಂತ ತೆಗೆದುಕೊಳ್ಳಿ, ಉಳಿತಾಯಕ್ಕೆ ಅಂತ ಅಲ್ಲ.

ಸರ್ವಿಸ್ ಭಯ ಎಷ್ಟು ನಿಜ

ಸೇಲ್ಸ್ ಕೌಂಟರ್ ಬಿಟ್ಟು ಪಕ್ಕದ ಪಾರ್ಟ್ಸ್ ಕೌಂಟರ್‌ಗೆ ಹೋಗಿ. ಮುಂದಿನ ಹೆಡ್‌ಲೈಟ್ ಒಂದಕ್ಕೆ ಎಷ್ಟು, ಮುಂದಿನ ಗಾಜು ಎಷ್ಟು, ಬಂಪರ್ ಎಷ್ಟು, ಕ್ಲಚ್ ಸೆಟ್ ಎಷ್ಟು ಅಂತ ಕೇಳಿ. ದರಕ್ಕಿಂತ ಮುಖ್ಯ ಪ್ರಶ್ನೆ, "ಸ್ಟಾಕ್ ಐತೇನ್ರಿ, ತರಿಸಬೇಕಂದ್ರ ಎಷ್ಟು ದಿನ?" ಒಂದು ಹೆಡ್‌ಲೈಟಿಗಾಗಿ ಕಾರು ವಾರಗಟ್ಟಲೆ ಶೆಡ್‌ನಲ್ಲಿ ನಿಂತರೆ ಆ ಬೇಜಾರಿನ ಮುಂದೆ ಬಿಲ್ಲು ಏನೂ ಅಲ್ಲ. ನಾಲ್ಕೂ ಕಡೆ ಕೇಳಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಗ ಯಾರ ಬಗ್ಗೆ ಜನ ಹೇಳುವುದು ನಿಜ, ಯಾರ ಬಗ್ಗೆ ಹಳೇ ಕಥೆ ಅಂತ ನಿಮಗೇ ಕಾಣುತ್ತದೆ.

ದೂರವನ್ನೂ ಲೆಕ್ಕಕ್ಕೆ ಹಿಡಿಯಿರಿ. ಹುಬ್ಬಳ್ಳಿ-ಧಾರವಾಡದವರಿಗೆ ಚಿಂತೆ ಇಲ್ಲ. ಗದಗದಿಂದ ಹುಬ್ಬಳ್ಳಿಗೆ ಹತ್ತಿರ ಹತ್ತಿರ 60 ಕಿಲೋಮೀಟರ್, ಹಾವೇರಿಯಿಂದ ಇನ್ನೂ ಜಾಸ್ತಿ. ನಿಮ್ಮ ಊರಲ್ಲೇ ಆ ಕಂಪನಿಯ ವರ್ಕ್‌ಶಾಪ್ ಇಲ್ಲದಿದ್ದರೆ ಪ್ರತಿ ಸರ್ವಿಸಿಗೂ ಒಂದು ದಿನ ಹೋಯಿತು. ರಾಣೆಬೆನ್ನೂರಿನ ಅಂಗಡಿಯವರು ಒಂದು ದಿನ ಶಟರ್ ಎಳೆದರೆ ಆಗುವ ನಷ್ಟ ಎಷ್ಟು? ಅದೂ ಸರ್ವಿಸ್ ಖರ್ಚೇ. ಈ ಒಂದೇ ಕಾರಣಕ್ಕೆ ವರ್ಟಸ್ ಬಿಟ್ಟು ವರ್ನಾ ತೆಗೆದುಕೊಂಡರೆ ಅದು ಸರಿಯಾದ ಕಾರಣ. "ಜರ್ಮನ್ ಗಾಡಿ ತುಟ್ಟಿ" ಅಂತ ಯಾರೋ ಅಂದರು ಅಂತ ಬಿಟ್ಟರೆ ಅಲ್ಲ.

ರೀಸೇಲ್ ತಿಳಿಯಲು ಒಂದು ಸುಲಭ ಉಪಾಯ ಇದೆ. ಸೆಕೆಂಡ್ ಹ್ಯಾಂಡ್ ಡೀಲರ್‌ಗೆ ಫೋನ್ ಮಾಡಿ, ಕೊಳ್ಳುವವರ ಹಾಗೆ ಅಲ್ಲ, ಮಾರುವವರ ಹಾಗೆ ಕೇಳಿ. ನಾಲ್ಕು ವರ್ಷದ ಸಿಟಿಗೆ ಎಷ್ಟು ಕೊಡುತ್ತೀರಿ, ವರ್ನಾಗೆ ಎಷ್ಟು, ಸ್ಲಾವಿಯಾಗೆ ಎಷ್ಟು. ಇಬ್ಬರು ಮೂವರನ್ನು ಕೇಳಿದರೆ ಚಿತ್ರ ಸಿಗುತ್ತದೆ. ಐದು ವರ್ಷಕ್ಕೆ ಬದಲಿಸುವವರಿಗೆ ಇದು ಬೇಕು. ಕಾರು ಹಳೇದಾಗಿ ಮಗನ ಕೈಗೆ ಹೋಗುವ ತನಕ ಇಟ್ಟುಕೊಳ್ಳುವ ಮನೆಯವರು ಈ ಪ್ಯಾರಾ ಮರೆತುಬಿಡಿ.

ಸುರಕ್ಷತೆ, ಮತ್ತೆ ಆ ಹೊಸ ಸೆನ್ಸಾರ್‌ಗಳು

ವರ್ಟಸ್, ಸ್ಲಾವಿಯಾ 2023ರ ಏಪ್ರಿಲ್‌ನಲ್ಲಿ, ವರ್ನಾ ಅದೇ ವರ್ಷದ ಅಕ್ಟೋಬರ್‌ನಲ್ಲಿ, ಕಾರನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 5 ಸ್ಟಾರ್ ಪಡೆದವು. ಹಿಂದಿನ, ಅಂದರೆ ನಾಲ್ಕನೇ ತಲೆಮಾರಿನ ಸಿಟಿಗೆ 2022ರಲ್ಲಿ 4 ಸ್ಟಾರ್ ಬಂದಿತ್ತು. ಈಗಿನ ಸಿಟಿಗೆ 5 ಸ್ಟಾರ್ ಅಂತ ಹೇಳುವುದು ಆಗ್ನೇಯ ಏಷ್ಯಾದ ಆಸಿಯಾನ್ ಎನ್‌ಕ್ಯಾಪ್‌ನ ಲೆಕ್ಕ, ಅದನ್ನು ಇದರ ಪಕ್ಕಕ್ಕಿಟ್ಟು ನೇರ ಹೋಲಿಸಲು ಬರುವುದಿಲ್ಲ. ಹಿಂದೆ ಕೂತವರು ಬೆಲ್ಟ್ ಹಾಕದಿದ್ದರೆ ಯಾವ ಸ್ಟಾರೂ ಲೆಕ್ಕಕ್ಕಿಲ್ಲ, ಇದನ್ನು ಮನೆಯಲ್ಲಿ ಜಗಳ ಆಡಿಯಾದರೂ ಒಪ್ಪಿಸಿ.

ತಾನೇ ಬ್ರೇಕ್ ಹಾಕುವ, ಲೇನ್ ಹಿಡಿಯುವ ಎಡಾಸ್ ಸಿಟಿ, ವರ್ನಾದ ಮೇಲಿನ ವೇರಿಯಂಟ್‌ಗಳಲ್ಲಿ ಇದೆ. ಸಿಟಿಯದ್ದು ಗಾಜಿನ ಹಿಂದಿನ ಕ್ಯಾಮೆರಾ ನೋಡಿ ಕೆಲಸ ಮಾಡುತ್ತದೆ. ವರ್ನಾದಲ್ಲಿ ಕ್ಯಾಮೆರಾ ಜೊತೆಗೆ ರೇಡಾರ್ ಇದೆ. ಗಾಜಿನ ಮೇಲೆ ಕೆಸರು ಹಾರಿದ್ದರೆ ಕ್ಯಾಮೆರಾಗೆ ಕಣ್ಣು ಕಾಣುವುದಿಲ್ಲ. ಪುಣೆ-ಬೆಂಗಳೂರು ಹೈವೇಯಲ್ಲಿ ಇದು ಉಪಯೋಗ. ಅಣ್ಣಿಗೇರಿ ರಸ್ತೆಯಲ್ಲಿ ದೀಪ ಇಲ್ಲದ ಟ್ರ್ಯಾಕ್ಟರ್, ಅಡ್ಡ ಬರುವ ಎಮ್ಮೆ, ರಸ್ತೆ ಮೇಲೇ ಒಣ ಹಾಕಿದ ರಾಶಿ, ಇವಕ್ಕೆಲ್ಲ ನಿಮ್ಮ ಕಣ್ಣೇ ಗತಿ. ಇದೊಂದಕ್ಕಾಗಿ ಲಕ್ಷಗಟ್ಟಲೆ ಜಾಸ್ತಿ ಕೊಡುವುದು ನನಗೆ ಸರಿ ಕಾಣುವುದಿಲ್ಲ. ತಣ್ಣನೆ ಗಾಳಿ ಬರುವ ಸೀಟು ಮಾತ್ರ ನಮ್ಮ ಏಪ್ರಿಲ್ ಬಿಸಿಲಿಗೆ ದುಡ್ಡು ಕೊಟ್ಟು ತೆಗೆದುಕೊಳ್ಳುವಂಥದ್ದು. ವರ್ನಾ, ವರ್ಟಸ್, ಸ್ಲಾವಿಯಾದ ಮೇಲಿನ ವೇರಿಯಂಟ್‌ಗಳಲ್ಲಿ ಅದು ಸಿಗುತ್ತದೆ.

ಇಷ್ಟು ನೋಡಿದ ಮೇಲೆ ನಾನು ಹೇಳುವುದಾದರೆ: ಹಿರಿಯರು ಹಿಂದೆ ಕೂರುವ, ಹೆಚ್ಚಾಗಿ ಊರೊಳಗೇ ಓಡುವ ಮನೆಗೆ ಸಿಟಿ ಸಿವಿಟಿ. ಕಾರಿನಲ್ಲಿ ಎಲ್ಲಾ ಸೌಲಭ್ಯ ಇರಬೇಕು, ಸರ್ವಿಸೂ ಹತ್ತಿರ ಇರಬೇಕು ಅನ್ನುವವರಿಗೆ ವರ್ನಾ, ಅದರಲ್ಲೂ ಸಾದಾ 1.5. ಓಡಿಸುವ ಹುಚ್ಚು ಇದ್ದು, ಹಿಂದೆ ಇಬ್ಬರಿಗಿಂತ ಜಾಸ್ತಿ ಕೂರದ ಮನೆಗೆ ವರ್ಟಸ್ ಇಲ್ಲಾ ಸ್ಲಾವಿಯಾ. ಇವೆರಡರಲ್ಲಿ ಯಾವುದು ಅಂದರೆ, ಯಾರು ಜಾಸ್ತಿ ಡಿಸ್ಕೌಂಟ್ ಕೊಡುತ್ತಾರೋ ಅವರದು.

ದುಡ್ಡಿನ ಮಾತು

ಆನ್‌ರೋಡ್ ದರದ ಚೀಟಿಯನ್ನು ಸಾಲು ಸಾಲಾಗಿ ಓದಿ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ಲೈಫ್ ಟ್ಯಾಕ್ಸ್ ಶೇ. 17, ಆ ಟ್ಯಾಕ್ಸ್ ಮೇಲೆ ಮತ್ತೆ ಶೇ. 11 ಸೆಸ್. 14 ಲಕ್ಷದ ಕಾರಿಗೆ ಇದೊಂದೇ 2,64,000 ರೂಪಾಯಿ ದಾಟುತ್ತದೆ. 10 ಲಕ್ಷದ ಒಳಗಾದರೆ ಶೇ. 14. ಹಾಗಾಗಿ ಕೆಳಗಿನ ವೇರಿಯಂಟ್ ನೋಡುವವರು ಬೆಲೆ 10 ಲಕ್ಷದ ಗೆರೆಯ ಯಾವ ಕಡೆ ಇದೆ ನೋಡಿಕೊಳ್ಳಿ, ಸ್ವಲ್ಪ ದಾಟಿದರೂ ಪೂರ್ತಿ ಬೆಲೆಗೆ ಹೆಚ್ಚಿನ ದರ ಬೀಳುತ್ತದೆ. 10 ಲಕ್ಷ ದಾಟಿದರೆ ಶೇ. 1 ಟಿಸಿಎಸ್, ಅಂದರೆ ಮಾರುವಾಗಲೇ ವಸೂಲಿ ಮಾಡುವ ಇನ್‌ಕಮ್ ಟ್ಯಾಕ್ಸ್ ಕೂಡ ಹಿಡಿಯುತ್ತಾರೆ. ಅದು ಡೀಲರ್ ಲಾಭ ಅಲ್ಲ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕುವಾಗ ನಿಮ್ಮ ಲೆಕ್ಕಕ್ಕೆ ಬರುತ್ತದೆ. ರಸೀದಿ ಇಟ್ಟುಕೊಳ್ಳಿ.

ಇನ್ಶೂರೆನ್ಸ್ ಶೋರೂಮಿನಲ್ಲೇ ಮಾಡಿಸಬೇಕು ಅಂತ ಯಾವ ಕಾನೂನೂ ಇಲ್ಲ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ಕಡ್ಡಾಯ, ಸ್ವಂತ ಡ್ಯಾಮೇಜ್ ಭಾಗ ಒಂದು ವರ್ಷಕ್ಕೆ ಸಾಕು. ಹೊರಗಿನ ಒಂದು ಕೊಟೇಶನ್ ಹಿಡಿದು ಹೋಗಿ ಮುಂದಿಟ್ಟರೆ ಅವರ ದರವೂ ಇಳಿಯುತ್ತದೆ. ಬದಲಿಸಿದ ಸಾಮಾನಿಗೆ ಸವಕಳಿ ಕಳೆಯದೆ ಕ್ಲೈಮ್ ಕೊಡುವ ಝೀರೋ ಡೆಪ್ ಮಾತ್ರ ಬಿಡಬೇಡಿ. ಟೆಫ್ಲಾನ್ ಕೋಟಿಂಗ್, ಆಕ್ಸೆಸರಿ ಪ್ಯಾಕೇಜ್ ಇವನ್ನು ಹೊಡೆದುಹಾಕಿಸಿ, ಮ್ಯಾಟ್ ಕೊಟ್ಟರೆ ಸಾಕು.

ಚೌಕಾಸಿ ಮಾಡಲು ಆಷಾಢ, ಪಿತೃಪಕ್ಷ ಒಳ್ಳೆಯ ಕಾಲ. ಆಗ ಯಾರೂ ಕಾರು ಮನೆಗೆ ತರುವುದಿಲ್ಲ, ಶೋರೂಮು ಭಣಗುಡುತ್ತದೆ. ಆಷಾಢದಲ್ಲಿ ದರ ಮಾತಾಡಿ ಬರೆಸಿಕೊಂಡು, ಶ್ರಾವಣದಲ್ಲಿ ಡೆಲಿವರಿ ತೆಗೆದುಕೊಳ್ಳಿ. ದೇವರಿಗೂ ಸಮಾಧಾನ, ಕಿಸೆಗೂ ಸಮಾಧಾನ. ಡಿಸೆಂಬರ್ ಡಿಸ್ಕೌಂಟ್ ದೊಡ್ಡದಾಗಿ ಕಾಣುತ್ತದೆ, ಆದರೆ ಜನವರಿಗೆ ಆ ಕಾರು ಕಾಗದದಲ್ಲಿ ಒಂದು ವರ್ಷ ಹಳೇದು. ಮುಂದೆ ಬೇಗ ಮಾರುವವರಿಗೆ ಇದು ನಷ್ಟ.

ಕೊನೆಗೆ ಡೆಲಿವರಿ. ರಿಬ್ಬನ್ ಕಟ್ಟಿ ಫೋಟೋ ತೆಗೆಯುವ ದಿನ ಕಾರು ನೋಡಿದರೆ ಪ್ರಯೋಜನ ಇಲ್ಲ. ಆರ್‌ಟಿಒಗೆ ಕಾಗದ ಹೋಗುವ ಮೊದಲೇ, ಸ್ಟಾಕ್‌ಯಾರ್ಡ್‌ಗೆ ಹಗಲು ಹೊತ್ತಿನಲ್ಲಿ ಹೋಗಿ ನೋಡಿ. ನಂಬರ್ ಬಿದ್ದ ಮೇಲೆ ಕಾರು ಬದಲಿಸಿ ಅಂದರೆ ಯಾರೂ ಕೇಳುವುದಿಲ್ಲ. ಚಾಸಿ ನಂಬರ್ ಇನ್‌ವಾಯ್ಸ್‌ಗೆ ಹೊಂದುತ್ತದಾ, ತಯಾರಾದ ತಿಂಗಳು ಯಾವುದು, ಮೀಟರ್ ಎಷ್ಟು ಓಡಿದೆ ನೋಡಿ. ಬಾಗಿಲಿನ ಅಂಚು, ಡಿಕ್ಕಿ ಒಳಗೆ ಬಣ್ಣದ ಛಾಯೆ ಬೇರೆ ಇದ್ದರೆ ಪ್ರಶ್ನೆ ಕೇಳಿ. ಟೈರಿನ ಮೇಲೆ ನಾಲ್ಕು ಅಂಕಿಯ ನಂಬರ್ ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 1025 ಅಂದರೆ 2025ರ ಹತ್ತನೇ ವಾರ. ಸ್ಟೆಪ್ನಿಯದ್ದೂ ನೋಡಿ, ಅದನ್ನು ಯಾರೂ ನೋಡುವುದಿಲ್ಲ. ಎಲ್ಲಾ ಸರಿ ಇದ್ದರೆ ಅಲ್ಲೇ ನಿಂತು ಉಳಿದ ಹಣದ ಚೆಕ್ ಬರೆಯಿರಿ, ಅದಕ್ಕಿಂತ ಮೊದಲು ಬೇಡ.